ಎದುರುಬದುರು ದೋಣಿ

ಸುದ್ದಿ ಬಂದ ಹೊತ್ತಿಗೆ ಗೋವರ್ಧನರ ಎರಡೂ ಕೈಗೆ ಅಂಟು ಮೆತ್ತಿಕೊಂಡಿತ್ತು. ಹೊಳೆದಂಡೆಯ ಚಪ್ಪರದಡಿ ಬೋರಲು ಹಾಕಿದ್ದ ಹೊಸ ದೋಣಿಯ ಮೈಗೆ ಫೈಬರ್ ಬಟ್ಟೆ ಹಾಸಿ ಅವರು ಅಂಟು ಬಳಿಯುತ್ತಿದ್ದರು. ಆ ಅಂಟನ್ನು ಒಮ್ಮೆ ಕಲಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ, ಗಟ್ಟಿಯಾಗುವುದರೊಳಗೆ ಬಳಿದು ಮುಗಿಸಬೇಕು. ಹಾಗಾಗಿ ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡರೂ ಅವರು ತೆಗೆಯಲಿಲ್ಲ. ರತನನದೇ ಇರಬೇಕು, ಗೋವೆ ಮುಟ್ಟಿದೆ ಎಂದು ಹೇಳಲು ಮಾಡಿರುತ್ತಾನೆ, ಕೈ ತೊಳೆದು ನಾನೇ ಮಾಡಿದರಾಯಿತು ಎಂದುಕೊಂಡರು. ಮೊಬೈಲು ಸುಮ್ಮನಾಯಿತು. ಮತ್ತೆ ಹೊಡೆದುಕೊಂಡಿತು. ಹೊಳೆಯ ಮೇಲೆ ಆಗಿನ್ನೂ ಮಂಜು ಕರಗಿರಲಿಲ್ಲ. ಆಚೆ ದಡದಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಬೇರೂರಿ ನಿಂತಿವೆಯೋ ತೇಲುತ್ತಿವೆಯೋ ತಿಳಿಯುವಂತಿರಲಿಲ್ಲ.

ಅಷ್ಟರಲ್ಲಿ ನೆರೆಮನೆಯ ಸುಧಾಕರ ಹೊಳೆಬದಿಯ ಮಣ್ಣಿನ ಕಟ್ಟದ ಮೇಲಿಂದ ಓಡಿ ಬಂದ.

"ಹ್ವಾಯ್ ಗೋವರ್ಧನಣ್ಣ, ಫೋನ್ ಎಂತಕೆ ತೆಗುದಿಲ್ಲೆ ನೀವ್?"

"ಕೈ ಕಾಣ್ ಮಾರಾಯ, ಅಂಟ್. ಎಂತ ಆಯ್ತ್?"

ಸುಧಾಕರ ಹೊಳೆಯ ಕಡೆಗೆ ಮುಖ ಮಾಡಿ, ಹೊಳೆಗೇ ಹೇಳುವವನಂತೆ ಹೇಳಿದ. "ಕಾರವಾರದ್ ಬದಿಗೆ ಗಾಡಿ ಮೊಗ್ಚಿತಂಬ್ರ್. ಡ್ರೈವರಿಗೆ ಎಂತ ಆಯ್ಲಿಲ್ಲೆ. ರತನ... ರತನ ಇಲ್ಲಂಬ್ರ್."

ಗೋವರ್ಧನರು ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟರು. ಬಹಳ ಮೆಲ್ಲಗೆ ಇಟ್ಟರು. ಅಂಟು ಅದನ್ನು ಹಿಡಿದುಕೊಂಡು ಗಟ್ಟಿಯಾಯಿತು. ಆ ಬ್ರಷ್ಷು ಇಂದಿಗೂ ಆ ಡಬ್ಬಿಯಲ್ಲಿ ಹಾಗೆಯೇ ನೆಟ್ಟಗೆ ನಿಂತಿದೆ.

ರತನ ಅವರ ತಂಗಿ ವನಜಳ ಒಬ್ಬನೇ ಮಗ. ಅಳಿಯಕಟ್ಟಿನ ಮನೆತನ ಅವರದು. ತಂಗಿಯ ಮಗನೇ ಮನೆಯ ಬೆಳಕು, ಮಾವನ ಕೈಯ ಕೆಲಸಕ್ಕೂ ಕೊನೆಯ ಬಾಯಿನೀರಿಗೂ ಅವನೇ ಹಕ್ಕುದಾರ. ಹಾಗಿರುವಾಗ ಮಾವನೇ ಅಳಿಯನ ಹೆಣ ತರಲು ಹೊರಡಬೇಕಾಯಿತು. ಕಾರವಾರದಿಂದ ಬರುವ ಗಾಡಿಯನ್ನು ಎದುರುಗೊಳ್ಳಲು ಅವರು ಸುಧಾಕರನ ಕಾರಿನಲ್ಲಿ ಶಿರೂರಿನವರೆಗೆ ಹೋದರು. ಅಲ್ಲಿ ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, ಬಟ್ಟೆ ಸರಿಸಿ ತೋರಿಸಿದರು. ಗೋವರ್ಧನರು ನೋಡಿದರು. ಒಮ್ಮೆ ಮಾತ್ರ ನೋಡಿದರು. ಬಟ್ಟೆಯನ್ನು ತಾವೇ ಎಳೆದು ಮುಚ್ಚಿ, ತಮ್ಮ ಶಾಲನ್ನೂ ಮೇಲೆ ಸುತ್ತಿ ಗಂಟು ಹಾಕಿದರು.

ಮನೆಯಂಗಳದಲ್ಲಿ ವನಜ ಆ ಗಂಟಿಗೆ ಕೈ ಹಾಕಿದಾಗ ಅವರು ಅವಳ ಕೈ ಹಿಡಿದರು.

"ಬ್ಯಾಡ ವನಜಾ."

"ಒಂದ್ ಸಲ ಕಾಂತೆ ಅಣ್ಣಯ್ಯ. ಮುಖ ಒಂದ್ ಕಾಂತೆ."

"ಬ್ಯಾಡ ಅಂದೆ ಅಲ್ದಾ. ನೀ ಮೊನ್ನೆ ಕಂಡದ್ದೇ ಇರ್ಲಿ."

ಅಂಗಳದಲ್ಲಿ ನೆರೆದ ಗಂಡಸರೂ ಹಾಗೆಯೇ ಅಂದರು. ವನಜ ಕೈ ಬಿಟ್ಟಳು. ಗಂಡಸರು ಮಗನನ್ನು ಸುಟ್ಟು ಬಂದ ಮೇಲೆ ಅಣ್ಣನ ಊಟಕ್ಕೆ ಹೊತ್ತು ಹೊತ್ತಿಗೆ ಗಂಜಿ ಬಡಿಸಿದಳು, ಮೀಯಲು ಬಿಸಿನೀರು ಇಟ್ಟಳು. ಆದರೆ ಮುಖವೆತ್ತಿ ನೋಡಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ನೆರೆಯ ಜಲಜ ಬಂದರೆ ಮಾತಾಡುತ್ತಾಳೆ, ಬೆಕ್ಕಿನ ಕೂಡ ಮಾತಾಡುತ್ತಾಳೆ. ಅಣ್ಣ ಒಳಗೆ ಬಂದರೆ ಮನೆ ಸುಮ್ಮನಾಗುತ್ತದೆ.

*

ಗೋವರ್ಧನರು ಹಗಲೆಲ್ಲ ಚಪ್ಪರದಡಿ ಕುಳಿತು ಹೊಳೆ ನೋಡುತ್ತಿದ್ದರು. ನೋಡುತ್ತ ನೋಡುತ್ತ ಕಣ್ಣು ಮಂಪರು ಹಿಡಿಯುತ್ತಿತ್ತು. ಆ ಮಂಪರಿನಲ್ಲಿ ರತನ ಮಾಡಿದ ದೋಣಿಗಳೆಲ್ಲ ಒಂದರ ಹಿಂದೆ ಒಂದಾಗಿ ಮಂಜಿನಿಂದ ಹೊರಗೆ ಬಂದು, ಸದ್ದಿಲ್ಲದೆ ಅವರ ಮುಂದೆ ಹಾದು, ಮತ್ತೆ ಮಂಜಿನೊಳಗೆ ಹೋಗುತ್ತಿದ್ದವು.

ಅವನು ಮಾಡಿದ್ದು ಒಂದೂ ನೆಟ್ಟಗಿನ ದೋಣಿಯಲ್ಲ. ಸಾಲಿಗ್ರಾಮದ ಹೃಷಿಕೇಶ ಹೆಬ್ಬಾರರು ಕಾಂಡ್ಲಾ ಕಾಡಿನ ನಡುವೆ ಪ್ರವಾಸಿಗರಿಗೆ ಕಯಾಕ್ ಎಂಬ ಸಣ್ಣ ಹುಟ್ಟುದೋಣಿ ಬಿಡುವ ಜಾಗ ಶುರು ಮಾಡಿದಾಗ, ಪೇಟೆಯಿಂದ ತಂದ ಕಯಾಕುಗಳ ರಿಪೇರಿಗೆ ರತನನನ್ನು ಕರೆದಿದ್ದರು. ರಿಪೇರಿ ಮಾಡುತ್ತ ಮಾಡುತ್ತ ಅವನಿಗೆ ಹೊಸದು ಮಾಡುವ ಹುಚ್ಚು ಹಿಡಿಯಿತು. ಅವನು ಮಾಡುವುದು, ಹೆಬ್ಬಾರರು ದುಡ್ಡು ಹಾಕುವುದು, ಹೆಬ್ಬಾರರ ತಂಗಿಯ ಮಗಳು ಅನ್ವಿತಾ ಅದಕ್ಕೊಂದು ಹೆಸರಿಟ್ಟು, ವಿಡಿಯೋ ತೆಗೆದು, ಸಾಸ್ತಾನದ ಹೆದ್ದಾರಿ ಬದಿಗೆ ಬೋರ್ಡು ಹಾಕಿಸುವುದು. ಹೀಗೆ ನಡೆಯುತ್ತಿತ್ತು.

ಮೊದಲನೆಯದು ಸೈಕಲ್ಲಿನ ಹಾಗೆ ಕಾಲಲ್ಲಿ ತುಳಿಯುವ ಕಯಾಕ್. 'ಕೈಗೆ ರಜೆ ಕೊಡಿ' ಎಂದು ಅನ್ವಿತಾ ಬೋರ್ಡು ಬರೆಸಿದಳು. ಕಾಂಡ್ಲಾದ ಬೇರು ಚಕ್ರಕ್ಕೆ ಸುತ್ತಿಕೊಂಡು ಜನ ನಡುಹೊಳೆಯಲ್ಲಿ ನಿಂತರು. ಎರಡನೆಯದು ಗಾಜಿನ ಹಾಗೆ ತಳ ಕಾಣುವ ಕಯಾಕ್. 'ನಿಮ್ಮ ಕಾಲಡಿ ಮೀನಿನ ಲೋಕ' ಎಂದು ಎಲ್ಲಿಯದೋ ನೀಲಿ ಸಮುದ್ರದ ಚಿತ್ರ ಹಾಕಿದರು. ಸೀತಾನದಿಯ ಅಳಿವೆಯ ನೀರು ಚಹಾದ ಬಣ್ಣದ್ದು. ಬಂದವರು ಬಗ್ಗಿ ಬಗ್ಗಿ ನೋಡಿದರು, ಕಂಡದ್ದು ಕೆಸರು.

ಮೀನು ಮಾರುವ ಜಲಜ ಬುಟ್ಟಿ ಹೊತ್ತು ಆ ದಾರಿಯಲ್ಲಿ ಹೋಗುವಾಗ ರತನನನ್ನು ನಿಲ್ಲಿಸಿ ಕೇಳಿದ್ದಳು. "ಎಂತದಾ ರತನಾ, ಮೀನ್ ಕಾಂಬುಕೆ ಅಷ್ಟ್ ದುಡ್ಡಾ? ನನ್ ಬುಟ್ಟಿಗೆ ಕಾಂಬುಕ್ ಹೇಳ್ ಅವ್ರಿಗೆ. ಪುಕ್ಕಟೆ ತೋರ್ಸ್ತೆ."

ರತನ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಅವನು ನಕ್ಕರೆ ಮುಖವೆಲ್ಲ ನಗುತ್ತಿತ್ತು, ಹುಬ್ಬು ಕೂಡ.

ಎದುರುಬದುರು ದೋಣಿ ಅವುಗಳ ನಂತರದ್ದು. ಅದರ ಎರಡು ತುದಿಯೂ ಒಂದೇ ಬಗೆ. ಇದು ಮುಂದು, ಇದು ಹಿಂದು ಎಂಬುದಿಲ್ಲ. ನಡುವೆ ಎರಡು ಕೂರುವ ಜಾಗ, ಒಂದಕ್ಕೊಂದು ಎದುರು. ಕೂತವರಿಬ್ಬರ ಮೊಣಕಾಲು ಹೆಚ್ಚುಕಡಿಮೆ ತಾಗುತ್ತದೆ. ಒಬ್ಬರು ಹೋಗುವ ದಾರಿ ನೋಡುತ್ತಾರೆ, ಇನ್ನೊಬ್ಬರು ಬಂದ ದಾರಿ ನೋಡುತ್ತಾರೆ. ತಿರುಗಿ ಬರುವಾಗ ದೋಣಿಯನ್ನು ತಿರುಗಿಸಬೇಕಾಗಿಯೇ ಇಲ್ಲ. ಇಬ್ಬರೂ ಹುಟ್ಟು ಹಾಕುವ ರೀತಿ ಬದಲಿಸಿದರಾಯಿತು.

"ಇದೆಂತ ದೋಣಿಯಾ?" ಎಂದು ಗೋವರ್ಧನರು ಕೇಳಿದ್ದರು. "ಲೋಕದಗೆಲ್ಲ ದೋಣಿಯಗೆ ಕೂಕಂಡವ್ರ್ ಒಂದೇ ಬದಿಗೆ ಕಾಂತ್ರ್."

"ಅದಕ್ಕೇ ಮಾವ," ಎಂದಿದ್ದ ರತನ, ಅಂಟು ಕಲಸುತ್ತಲೇ. "ನಂಗೆ ಅಪ್ಪಯ್ಯ ಅಂದ್ರೆ ಬೆನ್ನೇ ನೆನಪ್. ಅವ್ರ್ ಮುಂದೆ ಕೂಕಂಡ್ ಹುಟ್ಟ್ ಹಾಕ್ತಿದ್ರ್, ನಾ ಹಿಂದೆ. ಬೆನ್ನಿನ್ ಮಚ್ಚೆ ನೆನಪಿತ್ತ್, ಬೆವ್ರ್ ನೆನಪಿತ್ತ್. ಮುಖ ನೆನಪಿಲ್ಲೆ."

ರತನನ ತಂದೆ ಕಡಲಿಗೆ ಹೋದವರು ಬಾರದೆ ಉಳಿದಾಗ ಅವನಿನ್ನೂ ಸಣ್ಣವ. ಆ ಮಾತು ಕೇಳಿ ಗೋವರ್ಧನರು ಹೋಗಿ ದೋಣಿಯ ಎದುರಿನ ಜಾಗದಲ್ಲಿ ಕೂತಿದ್ದರು. ದೋಣಿಯನ್ನು ಮೊದಲು ನೀರಿಗೆ ಇಳಿಸಿದ ದಿನ ಮಾವ ಅಳಿಯ ಇಬ್ಬರೇ. ಮುಂಜಾನೆಯ ಹೊಳೆ ಹಾಲು ಮಗುಚಿದ ಹಾಗಿತ್ತು. ಐವತ್ತು ವರ್ಷ ದೋಣಿಯಲ್ಲಿ ಕಳೆದ ಗೋವರ್ಧನರು ಅಂದು ಮೊದಲ ಬಾರಿಗೆ, ಹುಟ್ಟು ಹಾಕುವ ಮನುಷ್ಯನ ಮುಖ ಹೇಗಿರುತ್ತದೆ ಎಂದು ನೋಡಿದರು. ಅಳಿಯನ ಭುಜದಾಚೆ ಮನೆ, ತೆಂಗು, ಚಪ್ಪರ ಸಣ್ಣದಾಗುತ್ತ ಹೋದವು. ಮುಖ ಮಾತ್ರ ಅಷ್ಟೇ ದೊಡ್ಡದಾಗಿ ಎದುರಿಗಿತ್ತು. "ಮಾವ, ಮೂಡ್ ಹಾಕ್." "ಸಾಕ್, ಪಡು ಬಿಡ್," ಎಂದು ದಾರಿಯ ಕಡೆ ಮುಖವಿದ್ದ ರತನ ದಿಕ್ಕು ಹೇಳುತ್ತಿದ್ದ. ದೋಣಿ ನೀರನ್ನು ಕತ್ತರಿಸಿದ ಹಾಗೆ ಹೋಯಿತು. ಒಂದು ಸಲವೂ ತಪ್ಪಲಿಲ್ಲ.

ಪ್ರವಾಸಿಗರು ಹತ್ತಿದ ಮೇಲೆ ತಪ್ಪಿತು. ಅನ್ವಿತಾ ಅದಕ್ಕೆ 'ಜೋಡಿ ದೋಣಿ' ಎಂದು ಹೆಸರಿಟ್ಟು, ಕೆಂಪು ಹೃದಯ ಬರೆಸಿ, 'ಕಣ್ಣಲ್ಲಿ ಕಣ್ಣಿಟ್ಟು ಹುಟ್ಟು ಹಾಕಿ' ಎಂದು ಬೋರ್ಡು ಹಾಕಿದ್ದಳು. ಹೊಸದಾಗಿ ಮದುವೆಯಾದವರು ಸಾಲುಗಟ್ಟಿದರು. ಹುಬ್ಬಳ್ಳಿಯ ಒಂದು ಜೋಡಿಯನ್ನು ಗೋವರ್ಧನರೇ ದಂಡೆಯಲ್ಲಿ ನಿಂತು ನೋಡಿದ್ದರು.

"ಲೆಫ್ಟ್ ಹೊಡಿ, ಲೆಫ್ಟ್!" ಎಂದು ಗಂಡ.

"ಯಾರ ಲೆಫ್ಟ್? ನಿಂದೋ ನಂದೋ?" ಎಂದು ಹೆಂಡತಿ.

"ಲೆಫ್ಟ್ ಅಂದ್ರ ಲೆಫ್ಟ್ ಅಲ್ಲೇನ?"

"ನಿನ್ನ ಲೆಫ್ಟ್ ನನಗ ರೈಟ್ ಆಗ್ತದ! ನಿಮ್ಮವ್ವನ್ನ ಕರಕೊಂಡು ಬರಬೇಕಿತ್ತು ನೀನು!"

ದೋಣಿ ನೀರಿನಲ್ಲಿ ಬಿದ್ದ ಕರಟದ ಹಾಗೆ ನಿಂತಲ್ಲೇ ಸುತ್ತಿತು. ದಡಕ್ಕೆ ಬಂದವರು ಒಬ್ಬರ ಮುಖ ಒಬ್ಬರು ನೋಡದೆ ಕಾರು ಹತ್ತಿದರು. 'ಈ ದೋಣಿ ಹತ್ತಿದರೆ ವಿಚ್ಛೇದನ ಖಂಡಿತ' ಎಂದು ಯಾರೋ ಇಂಟರ್‌ನೆಟ್ಟಿನಲ್ಲಿ ಬರೆದರು. ಅದನ್ನು ಓದಿ ಇನ್ನಷ್ಟು ಜನ ತಮಾಷೆಗೆ ಬಂದರು, ತಾವೂ ಜಗಳಾಡಿ ಹೋದರು. ತಮಾಷೆ ಹಳತಾದ ಮೇಲೆ ಹತ್ತುವವರೇ ಇಲ್ಲವಾದರು.

ರತನನಿಗೆ ಏನು ತಪ್ಪಿದೆ ಎಂದು ತಿಳಿಯಲಿಲ್ಲ. ತಳ ಉಜ್ಜಿ ನೋಡಿದ, ಕೂರುವ ಜಾಗ ಏರಿಸಿದ, ಇಳಿಸಿದ. "ನಮ್ಮಿಬ್ರಿಗೆ ಒಂದ್ ಸಲವೂ ತಪ್ಲಿಲ್ಲೆ ಅಲ್ದಾ ಮಾವ? ಅವ್ರಿಗೆ ಎಂತಕೆ ತಪ್ಪತ್ತ್?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಗೋವರ್ಧನರಿಗೂ ಹೊಳೆಯಲಿಲ್ಲ. ಹುಟ್ಟಿದಂದಿನಿಂದ ಮೂಡು ಪಡು, ತೆಂಕು ಬಡಗು ಎಂದೇ ದೋಣಿ ನಡೆಸಿದವರು. ಅಡಿಗೆಮನೆಯಲ್ಲಿ ಉಪ್ಪು ಹಾಕಿಡುವ ಮರಿಗೆ ಕೂಡ ಅವರಿಗೆ ಒಲೆಯ ತೆಂಕು ಬದಿಗಿರುತ್ತದೆ. ಎದುರು ಕೂತವರಿಗೆ ಎಡ ಬಲ ಬೇರೆಯಾದೀತು, ಮೂಡು ಪಡು ಇಬ್ಬರಿಗೂ ಒಂದೇ ಎಂಬುದು ಮನಸ್ಸಿಗೆ ಬರಬೇಕಾದರೆ ಎಡ ಬಲ ಎಂದು ಮಾತಾಡಿ ಅಭ್ಯಾಸವಿರಬೇಕಲ್ಲ. ಗೋವೆಯಲ್ಲಿ ದೋಣಿ ತಯಾರಿಸುವವರ ಮೇಳವಿದೆ, ಅಲ್ಲಿ ತಿಳಿದವರನ್ನು ಕೇಳಿ ಬರುತ್ತೇನೆ ಎಂದು ಅವನು ಎದುರುಬದುರು ದೋಣಿಗಳಲ್ಲಿ ಒಂದನ್ನು ಗಾಡಿಯ ಮೇಲೆ ಕಟ್ಟಿಸಿಕೊಂಡು ಹೋದ. ಅವನು ಬಾರದ ದಾರಿಯಲ್ಲಿ ದೋಣಿ ಮಾತ್ರ ತಿರುಗಿ ಬಂತು. ಬದಿಯಲ್ಲಿ ಒಂದು ಗೀರು, ಅಷ್ಟೇ.

*

ಉತ್ತರಕ್ರಿಯೆಯ ಬೊಜ್ಜಕ್ಕೆ ಇನ್ನು ಎರಡು ದಿನವಿರುವಾಗ ಹೆಬ್ಬಾರರು ಅನ್ವಿತಾಳನ್ನು ಕರೆದುಕೊಂಡು ಬಂದರು. ಜಗಲಿಯಲ್ಲಿ ಚಾಪೆ ಹಾಕಿತ್ತು. ವನಜ ಒಳಗೆ ಅಕ್ಕಿ ಆರಿಸುತ್ತಿದ್ದಳು.

"ಗೋವರ್ಧನಣ್ಣ, ಈ ಹೊತ್ತಿನಗೆ ಹೇಳೂದೇ ತಪ್ಪ್," ಎಂದು ಹೆಬ್ಬಾರರು ಶುರು ಮಾಡಿದರು. "ಎದುರುಬದುರು ದೋಣಿ ಯಾರೂ ಹತ್ತುದಿಲ್ಲೆ ಈಗ. ಕೂರು ಜಾಗ ತಿರುಗ್ಸಿ, ಎಲ್ಲರ ಹಾಂಗೆ ಒಂದೇ ಬದಿಗೆ ಮಾಡುವ ಅಂದೇಳಿ. ಉಡುಪಿಯಿಂದ ಕೆಲ್ಸದವ್ರ್ ಬತ್ರ್. ನಿಮ್ಮತ್ರ ಕೇಳ್ದೆ ಮಾಡೂದ್ ಹ್ಯಾಂಗೆ?"

ಅನ್ವಿತಾ ನೆಲ ನೋಡುತ್ತ ಮೆಲ್ಲಗೆ ಹೇಳಿದಳು. "ಇಲ್ಲದಿರೆ ಇನ್ನೊಂದ್ ದಾರಿ ಇತ್ತಜ್ಜ. ರತನಣ್ಣನ ಫೋಟೋ ಹಾಕಿ, ಅವ್ರ ಕತೆ ಬರ್ದ್, ಅವ್ರ ಕೊನೇ ದೋಣಿ ಅಂತ ಬೋರ್ಡ್ ಹಾಕಿರೆ... ಜನ ಖಂಡಿತ ಬತ್ರ್. ಹಾಳ್ ಮಾಡೂದ್ ಬೇಡ ಅಂತ ಹೇಳ್ದೆ."

ಒಳಗೆ ಅಕ್ಕಿಯ ಸದ್ದು ನಿಂತಿತು. ವನಜ ಬಾಗಿಲಿಗೆ ಬಂದು ನಿಂತಳು.

"ಹೆಣೆ ಮಗಳೇ, ನೀ ಒಳ್ಳೇದಕ್ಕೇ ಹೇಳ್ದೆ, ಗೊತ್ತಿತ್ತ್. ಆರೆ ಅವನ ಮುಖ ನಾನೇ ಕಾಣ್ಲಿಲ್ಲೆ. ಹೆದ್ದಾರಿಯಗೆ ಹೋಪವ್ರೆಲ್ಲ ಕಾಂಬ್ದ್ ಬ್ಯಾಡ."

ಹುಡುಗಿಯ ಕಣ್ಣು ತುಂಬಿತು. ಹೆಬ್ಬಾರರು ಶಾಲಿನ ತುದಿಯಿಂದ ಮುಖ ಒರೆಸಿಕೊಂಡರು. ಗೋವರ್ಧನರು ತಂಗಿಯ ಕಡೆ ನೋಡಿದರು. ಅವಳು ಅವರ ಕಡೆ ನೋಡಲಿಲ್ಲ. ಮಾತು ಆಡಿದ್ದು ಅನ್ವಿತಾಳಿಗಾದರೂ ತಾಗಬೇಕಾದ ಅಣ್ಣನಿಗೇ ಬಂದು ತಾಗಿತ್ತು.

ಆ ಕ್ಷಣದಲ್ಲಿ ಗೋವರ್ಧನರಿಗೆ ಏನು ಕೇಳಬೇಕೆಂದು ತಿಳಿಯಿತು. "ಹೆಬ್ಬಾರ್ರೆ, ತಿರುಗ್ಸೂದಾರೆ ತಿರುಗ್ಸಿನಿ. ದೋಣಿ ನಿಮ್ದ್. ಒಂದ್ ಮಾತ್ರ ಬಿಡಿ, ಗೀರ್ ಬಿದ್ದದ್ದ್. ನಾಳೆ ಅವನ ಬೂದಿ ಬಿಡುಕೆ ಅದ್ರಗೇ ಹೋತೆ. ಅವ ಮಾಡಿದ್ ಹಾಂಗೇ ಇಪ್ಪ ಹೊತ್ತಿಗೆ ಅವ ಅದ್ರಗೆ ಒಂದ್ ಸಲ ಹೋಯ್ಲಿ."

"ಅದ್ರಗೆ ಇಬ್ರ್ ಬೇಕಲ್ದಾ? ಇನ್ನೊಬ್ರ್ ಯಾರ್?"

ಬಾಗಿಲಲ್ಲಿ ನಿಂತವಳೇ ಹೇಳಿದಳು, ಹೆಬ್ಬಾರರಿಗೆ. "ನಾ ಹೋತೆ. ಮದ್ವಿಯಾಪ್ಪುಕೆ ಮೊದ್ಲ್ ಈ ಹೊಳೆಯಗೆ ಚಿಪ್ಪು ಹೆಕ್ಕುಕೆ ದೋಣಿ ನಡ್ಸಿದವ್ಳ್ ನಾ."

ಸಂಜೆಗೆ ಕೇರಿಯಲ್ಲಿ ಗುಸುಗುಸು ಎದ್ದಿತು. ಹೆಂಗಸರು ಬೂದಿ ಬಿಡಲು ಹೋಗುವ ಪದ್ಧತಿ ಎಲ್ಲಿಯದು ಎಂದರು. "ಮೀನ್ ಬುಟ್ಟಿ ಹೊತ್ಕಂಡ್ ಊರೆಲ್ಲ ತಿರ್ಗಕ್ಕ್, ಹೆತ್ತ ಮಗನ್ ಬೂದಿ ಹೊರುಕಾಗ ಅಂಬ್ರಾ?" ಎಂದು ಜಲಜ ಎಲ್ಲರಿಗೂ ಕೇಳುವ ಹಾಗೆ ಅಂದಳು. ಕೊನೆಗೆ ಕ್ರಿಯೆ ಮಾಡಿಸಲು ಬರುವ ಕಮಲಾಕ್ಷ ಐತಾಳರನ್ನೇ ಕೇಳಿದರು. ಐತಾಳರು ಮುದುಕರು, ಕಣ್ಣು ಮುಚ್ಚಿ ತುಸು ಯೋಚಿಸಿ ಹೇಳಿದರು.

"ತಾಯಿ ಹೋಯ್ಲಿ. ಒಂದೇ ಒಂದ್ ನೆನಪಿಟ್ಕಣಿ. ಬಿಟ್ಟಾದ್ಮೇಲೆ ತಿರ್ಗಿ ಕಾಂಬುಕಾಗ. ತಿರ್ಗಿ ಕಂಡ್ರೆ ಹೋಪ ಜೀವಕ್ಕೆ ಕಾಲ್ ಏಳುದಿಲ್ಲೆ."

ವನಜ ತಲೆ ಅಲ್ಲಾಡಿಸಿದಳು.

*

ಮರುದಿನ ಇಳಿತದ ಕೊನೆಯ ಪಾಲು ಉಳಿದಿರುವಾಗಲೇ ಹೊರಟರು. ಬಿಸಿಲು ಎಳೆಯದು, ಮಂಜು ಇನ್ನೂ ನೀರಿಗೆ ಅಂಟಿಕೊಂಡಿತ್ತು. ಮಣ್ಣಿನ ಕುಡಿಕೆಯ ಬಾಯಿಗೆ ಬಿಳಿಬಟ್ಟೆ ಕಟ್ಟಿ, ಮೇಲೊಂದು ತುಳಸಿ ಕುಡಿ ಇಟ್ಟು, ಐತಾಳರು ಅದನ್ನು ವನಜಳ ಮಡಿಲಿಗೆ ಕೊಟ್ಟರು. ಗೋವರ್ಧನರು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ತಂಗಿಯನ್ನು ಮನೆಯ ಕಡೆ ಮುಖ ಮಾಡಿ ಕೂರಿಸುವುದು, ತಾನು ಕಡಲಿನ ಕಡೆ. ಹಾಗಾದರೆ ಬರುವಾಗ ಅವಳ ಕಣ್ಣಿಗೆ ಮನೆಯೇ ಬೀಳುತ್ತದೆ, ಬಿಟ್ಟ ಜಾಗ ಬೀಳುವುದಿಲ್ಲ. ತಾನು ಕಣ್ಣು ಮುಚ್ಚಿಕೊಂಡರಾಯಿತು.

ಆದರೆ ಅವರು ಹೇಳುವ ಮೊದಲೇ ವನಜ ಸೀರೆಯ ನೆರಿಗೆ ಎತ್ತಿ ಕಟ್ಟಿ ನೀರಿಗಿಳಿದು, ದೋಣಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕಡಲಿನ ಕಡೆ ಮುಖ ಮಾಡುವ ಜಾಗದಲ್ಲಿ ಕೂತುಬಿಟ್ಟಳು. ಉಳಿದದ್ದು ಇನ್ನೊಂದೇ ಜಾಗ. ಗೋವರ್ಧನರು ಅಲ್ಲಿ ಕೂತರು. ಸುಧಾಕರ ದೋಣಿಯನ್ನು ನೂಕಿದ.

ದಂಡೆಯಲ್ಲಿ ಹೆಬ್ಬಾರರೂ ಅನ್ವಿತಾಳೂ ನಿಂತಿದ್ದರು. ಹುಡುಗಿಯ ಕೈಯಲ್ಲಿ ಮೊಬೈಲು ಇರಲಿಲ್ಲ.

ಇಬ್ಬರೂ ಹುಟ್ಟು ಹಾಕಿದರು. ವಯಸ್ಸಾದ ಕೈ, ತೋಳು ಕೂಡಿ ಬರಲಿಲ್ಲ. ದೋಣಿಯ ಮೂತಿ ಕಾಂಡ್ಲಾದ ಬೇರಿನ ಕಡೆ ಹೊರಳಿತು. ದಾರಿ ಕಾಣುವವಳು ವನಜ. ಹೇಳದೆ ಗತಿಯಿಲ್ಲ.

"ಮೂಡ್ ಹಾಕ್," ಎಂದಳು.

ಮಗನನ್ನು ಸುಟ್ಟ ಮೇಲೆ ಅವಳು ಅಣ್ಣನಿಗೆ ಆಡಿದ ಮೊದಲ ಮಾತು ಅದು. ಗೋವರ್ಧನರ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಮೂಡಣ ಬದಿಗೆ ಬಲವಾಗಿ ಹುಟ್ಟು ಹಾಕಿದರು. ದೋಣಿ ನೆಟ್ಟಗಾಯಿತು.

"ಸಾಕಾ?"

"ಇನ್ನೊಂಚೂರ್. ಹಾಂ, ಸಾಕ್. ಪಡು ಬಿಡ್."

ದಂಡೆಯ ಮೇಲೆ ಅನ್ವಿತಾ ಒಮ್ಮೆಲೇ ಹೆಬ್ಬಾರರ ತೋಳು ಹಿಡಿದು ಅಲುಗಾಡಿಸಿದಳು. ನೀರಿನ ಮೇಲೆ ಮಾತು ದೂರ ಹೋಗುತ್ತದೆ; ದೋಣಿಯಲ್ಲಿದ್ದವರಿಗೂ ಕೇಳಿಸಿತು. "ಮಾಮಾ, ಕೇಳ್ದ್ರ್ಯಾ? ಇವ್ರ್ ಲೆಫ್ಟ್ ರೈಟ್ ಹೇಳೂದೇ ಇಲ್ಲ! ಮೂಡು ಪಡು ಇಬ್ರಿಗೂ ಒಂದೇ! ಬಂದವ್ರಿಗೆ ಮೂಡು ಪಡು ಎಲ್ಲಿ ಗೊತ್ತಾತ್ತ್... ಒಂದ್ ಬದಿಗೆ ಕೆಂಪು, ಒಂದ್ ಬದಿಗೆ ಹಳದಿ ಬಣ್ಣ ಹೊಡ್ದ್ರೆ? ಕೆಂಪು ಹಾಕಿ, ಹಳದಿ ಹಾಕಿ ಅಂದ್ರಾಯ್ತ್! ಜಾಗ ತಿರುಗ್ಸೂದ್ ಬೇಡ ಮಾಮಾ."

ಹೆಬ್ಬಾರರು ಏನು ಹೇಳಿದರೋ ಕೇಳಲಿಲ್ಲ. ಗೋವರ್ಧನರು ದಂಡೆಯ ಕಡೆ ಮುಖ ಮಾಡಿ ಕೂತಿದ್ದರಿಂದ, ಅವರು ಕೈಯೆತ್ತಿ ತಮ್ಮ ಕಡೆ ನೋಡುತ್ತ ಮೆಲ್ಲಗೆ ತಲೆಯಾಡಿಸಿದ್ದು ಕಂಡಿತು. ಅಷ್ಟರಲ್ಲಿ ಮಂಜು ನಡುವೆ ಬಂತು.

ಎಂತಹ ಸಣ್ಣ ವಿಷಯಕ್ಕೆ ಹುಡುಗ ಅಷ್ಟು ದೂರ ಹೋದ, ಎಂದುಕೊಂಡರು ಗೋವರ್ಧನರು. ಅಂಗಳದಲ್ಲಿ ಇದ್ದದ್ದನ್ನು ಕೇಳಲು ಗೋವೆಗೆ ಹೋದ. ಅವರಿಗೆ ಅಳು ಬಂತು. ಎದುರಿಗೆ ಕೂತವಳಿಂದ ಅದನ್ನು ಮುಚ್ಚಿಡಲು ಆ ದೋಣಿಯಲ್ಲಿ ಜಾಗವಿರಲಿಲ್ಲ. ವನಜ ನೋಡಿದಳು. ನೋಡುತ್ತಲೇ ಹುಟ್ಟು ಹಾಕಿದಳು.

ಹೊಳೆ ತೆಂಕಕ್ಕೆ ಹರಿಯಿತು, ಅವರನ್ನೂ ಹರಿಸಿತು. ಹುಟ್ಟು ಹಾಕುವ ಕೆಲಸ ಹೆಚ್ಚೇನೂ ಇರಲಿಲ್ಲ, ಇಳಿತವೇ ಕೊಂಡೊಯ್ಯುತ್ತಿತ್ತು. ಕಾಂಡ್ಲಾದ ಬೇರುಗಳು ನೀರಿನಲ್ಲಿ ಬೆರಳೂರಿ ನಿಂತು, ಇವರು ಹಾದುಹೋಗುವುದನ್ನು ಬಾಗಿ ನೋಡುವಂತಿದ್ದವು. ಒಂದು ಬೆಳ್ಳಕ್ಕಿ ಮುಂದೆ ಮುಂದೆ ಹಾರಿ ಕೂರುತ್ತಿತ್ತು. ಎಲ್ಲೋ ಮೋಟಾರು ದೋಣಿಯ ಸದ್ದು ಎದ್ದು, ಅದು ಬೇರೆ ಯಾವುದೋ ಲೋಕದ ಸದ್ದು ಎಂಬಂತೆ ಅಡಗಿತು. ಗೋವರ್ಧನರಿಗೆ ತಾವು ಎಚ್ಚರದಲ್ಲಿದ್ದೇವೆಯೋ ಚಪ್ಪರದಡಿ ಮಂಪರಿನಲ್ಲಿದ್ದೇವೆಯೋ ತಿಳಿಯಲಿಲ್ಲ. ತಂಗಿಯ ಮುಖ ನೋಡಿದರು. ಆ ಹುಬ್ಬು, ಆ ಗದ್ದ. ಶಿರೂರಿನಲ್ಲಿ ಬಟ್ಟೆ ಸರಿಸಿದಾಗ ಕಾಣದೆ ಹೋದದ್ದೆಲ್ಲ ಇಲ್ಲಿ, ಬೆಳಗಿನ ಬೆಳಕಿನಲ್ಲಿ, ಮಡಿಲಲ್ಲಿ ಕುಡಿಕೆ ಇಟ್ಟುಕೊಂಡು ಕೂತಿತ್ತು.

ಹಂಗಾರಕಟ್ಟೆ ದಾಟಿದ ಮೇಲೆ ಹೊಳೆ ಪಡುವಕ್ಕೆ ಹೊರಳಿತು. ಈಗ ದೋಣಿಯ ಬದಿಗಳು ತೆಂಕು ಬಡಗು ಆದವು. "ಬಡಗ್ ಹಾಕ್," ಎಂದಳು ವನಜ, ಯೋಚಿಸದೆ. ಅವರು ಹಾಕಿದರು, ಯೋಚಿಸದೆ. ಅಳಿವೆಯ ಬಾಯಿ ತೆರೆಯಿತು. ಮಾಘದ ಕಡಲು ನಿದ್ದೆ ಹೋದಂತಿತ್ತು. ತೆರೆ ಏಳುವ ಜಾಗಕ್ಕಿಂತ ಬಹಳ ಈಚೆ, ಸಿಹಿನೀರೂ ಉಪ್ಪುನೀರೂ ಕೂಡುವಲ್ಲಿ ಅವರು ಹುಟ್ಟು ಎತ್ತಿ ಮಡಿಲಲ್ಲಿಟ್ಟರು. ಇಳಿತ ಮುಗಿದು ನೀರು ನಿಂತಿತ್ತು. ದೋಣಿ ಯಾವ ಕಡೆಗೂ ಹೋಗದೆ ತೊಟ್ಟಿಲಿನಂತೆ ಮೆಲ್ಲಗೆ ತೂಗಿತು.

ಗೋವರ್ಧನರು ಬಟ್ಟೆಯ ಗಂಟು ಬಿಚ್ಚಿದರು. ಅಂದು ಶಾಲಿಗೆ ಹಾಕಿದ ಗಂಟಿನ ನೆನಪು ಬೆರಳಿಗೆ ಬಂತು. ಅಣ್ಣ ತಂಗಿ ಇಬ್ಬರೂ ಕುಡಿಕೆಯನ್ನು ಹಿಡಿದು ಬಗ್ಗಿಸಿದರು. ಬೂದಿ ನೀರಿನ ಮೇಲೆ ಒಂದು ಕ್ಷಣ ಹಾಸಿಕೊಂಡು, ಸಣ್ಣಗೆ ಬಿಳಿಯಾಗಿ ಹರಡಿ, ಒಳಗಿಳಿಯಿತು. ತುಳಸಿ ಕುಡಿ ಮಾತ್ರ ಮೇಲೆ ತೇಲಿತು. ಕುಡಿಕೆಯನ್ನೂ ಬಿಟ್ಟರು.

ಉಬ್ಬರ ಶುರುವಾಗುವ ಗುರುತು ದೋಣಿಯ ತಳಕ್ಕೆ ತಿಳಿಯಿತು. ನೀರು ಮನೆಯ ಕಡೆಗೆ ತಳ್ಳುತ್ತಿತ್ತು. ಈಗ ಮುಂದೆ ನೋಡುವವರು ಗೋವರ್ಧನರು. ವನಜಳ ಮುಖ ಕಡಲಿನ ಕಡೆಗೇ, ತುಳಸಿ ಕುಡಿ ತೇಲುವ ಕಡೆಗೇ ಇತ್ತು. ಅವರಿಗೆ ಐತಾಳರ ಮಾತು ನೆನಪಾಯಿತು.

"ವನಜಾ, ದೋಣಿ ಒಂದ್ ಸುತ್ತ್ ತಿರುಗ್ಸುವ. ನೀ ಮನೆ ಬದಿಗೆ ಮುಖ ಮಾಡ್."

"ಬ್ಯಾಡ ಅಣ್ಣಯ್ಯ."

"ತಿರ್ಗಿ ಕಾಂಬುಕಾಗ ಅಂದಿರಲ್ದಾ ಐತಾಳ್ರ್?"

ವನಜ ಅವರ ಮುಖವನ್ನೇ ನೋಡಿ ಹೇಳಿದಳು. "ನಾ ಎಲ್ಲಿ ತಿರ್ಗ್ತೆ? ಹೊರಡ್ವ ಹೊತ್ತಿಗೆ ಹ್ಯಾಂಗ್ ಕೂಕಂಡಿದ್ನೋ ಹಾಂಗೇ ಕೂಕಂಡಿದೆ. ದೋಣಿಯೂ ತಿರುಗ್ಲಿಲ್ಲೆ. ಅವ ಹೀಂಗೇ ಮಾಡಿಟ್ಟ್ ಹೋದ ಕಾಣ್. ಅವತ್ತ್ ನೀ ಬ್ಯಾಡ ಅಂದೆ, ನಾ ಕೈ ಬಿಟ್ಟೆ. ಇವತ್ತ್ ಬ್ಯಾಡ ಅನ್ಬೇಡ."

ಗೋವರ್ಧನರು ಹುಟ್ಟನ್ನು ಮತ್ತೆ ಕೈಗೆತ್ತಿಕೊಂಡರು. ಶಾಸ್ತ್ರ ತಪ್ಪಬಾರದು ಎಂದು ಎಪ್ಪತ್ತು ವರ್ಷ ಬಾಳಿದವರು ಅವರು. ಕಡಲಿನ ದೈವ ಬೊಬ್ಬರ್ಯನ ಗುಡಿಗೆ ಒಂದು ಸಂಕ್ರಮಣ ತಪ್ಪಿದವರಲ್ಲ. ಆದರೆ ಹೊಳೆ ಹೇಗಿದೆಯೋ ಹಾಗೆಯೇ ಹರಿಯುತ್ತಿತ್ತು, ಕೂತವಳು ಕೂತಂತೆಯೇ ಇದ್ದಳು, ಯಾರೂ ಎಲ್ಲಿಗೂ ತಿರುಗಿರಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ. ಇದ್ದರೆ ಅದು ನನಗಿರಲಿ ದೇವರೇ ಎಂದುಕೊಂಡರು.

"ಕಾಣ್," ಎಂದರು. "ಸಮಾ ಕಾಣ್."

ಅವರು ಹುಟ್ಟು ಹಾಕಿದರು, ಮೆಲ್ಲಗೆ, ಎಷ್ಟು ಮೆಲ್ಲಗೆ ಹಾಕಬಹುದೋ ಅಷ್ಟು. ಎದುರಿಗೆ ವನಜ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳು ಏನು ನೋಡುತ್ತಿದ್ದಳೋ ಅದು ಗೋವರ್ಧನರಿಗೆ ಬೆನ್ನ ಹಿಂದೆ. ಆದರೆ ಅದೆಲ್ಲವೂ ಅವಳ ಮುಖದಲ್ಲಿ ಒಂದೊಂದಾಗಿ ಬಂದು ಹೋಗುತ್ತಿತ್ತು. ಮೊದಲು ತುಟಿ ನಡುಗಿತು. ಕಣ್ಣು ತುಂಬಿ ಹರಿಯಿತು. ಆಮೇಲೆ, ಬಿಸಿಲು ನೀರಿನ ಮೇಲೆ ಪೂರ್ತಿ ಬಿದ್ದ ಹೊತ್ತಿಗೆ, ಯಾರೋ ದೂರದಲ್ಲಿ ಕೈ ಬೀಸಿದಾಗ ಆಗುವಂತೆ ಅವಳ ಹುಬ್ಬು ತುಸು ಮೇಲೆದ್ದು, ಮುಖ ಹಗುರವಾಯಿತು.

"ಕಂಡ್ಯಾ?" ಎಂದು ಕೇಳಿದರು.

"ಕಂಡೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ತೆಂಕ್ ಹಾಕುದಾ ಬಡಗ್ ಹಾಕುದಾ, ನೀ ಹೇಳ್ಕ್ ಈಗ. ದಾರಿ ಕಾಂಬ್ದ್ ನೀನಲ್ದಾ?" ಎಂದಳು.

"ತೆಂಕ್ ಹಾಕ್," ಎಂದರು ಗೋವರ್ಧನರು. ಅವಳು ಹಾಕಿದಳು.

ಉಬ್ಬರ ಅವರನ್ನು ಎತ್ತಿಕೊಂಡಿತು. ಹುಟ್ಟು ಹಾಕುತ್ತಲೇ ಅವರು ಬಾಯೊಳಗೆ ಬೇಡಿಕೊಂಡರು. ತಾಯಿ ಗಂಗೆ, ಹೊಳೆಯೂ ನೀನೇ, ಕಡಲೂ ನೀನೇ. ಈ ಮಗುವನ್ನು ನಿನ್ನ ಮಡಿಲಿಗೆ ಹಾಕಿದ್ದೇವೆ. ಇವನ ತಂದೆ ಮೊದಲೇ ನಿನ್ನಲ್ಲಿಗೆ ಬಂದಿದ್ದಾನೆ. ಇಬ್ಬರನ್ನೂ ಎದುರುಬದುರು ಕೂರಿಸು, ಈ ಸಲ ಮಗ ತಂದೆಯ ಮುಖ ನೋಡಲಿ. ಇವನು ಮಾಡಿದ್ದರಲ್ಲಿ ಕುಂದಿದ್ದರೆ ಮನ್ನಿಸು, ನಾವು ಮಾಡಿದ್ದರಲ್ಲಿ ತಪ್ಪಿದ್ದರೆ ನಮಗೇ ಉಳಿಸು. ಇವನ ದಾರಿಯಲ್ಲಿ ಗಾಳಿ ಏಳದಿರಲಿ, ನೀರು ಕಲಕದಿರಲಿ. ಹೋಗುವ ಜೀವಕ್ಕೆ ಶಾಂತಿಯಾಗಲಿ, ತಾಯಿ, ಶಾಂತಿಯಾಗಲಿ.